ಮೊಳೆಗೆ ತೂಗುಹಾಕಿದ ನಂಬರು

ಸೆಪ್ಟೆಂಬರ್ 20, ಶನಿವಾರ

ಗಾಳಿ ನೈಋತ್ಯದಿಂದ, ಮಂದ. ಬೆಳಿಗ್ಗೆ ಮಂಜು.

ದಿನದ ಹವೆಯನ್ನು ಅಡುಗೆಮನೆಯ ಪುಸ್ತಕದಲ್ಲಿ ಬರೆಯುವವಳು ನನ್ನ ಹೆಂಡತಿ ಫ್ರೀಡಾ. ಇವತ್ತು ನಾನು ಬರೆದೆ. ಉಳಿದದ್ದನ್ನು ಅಲ್ಲಿ ಬರೆಯಲಾಗದು, ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಓದುತ್ತಾಳೆ. ಅದಕ್ಕೆ ಈ ಬೇರೆ ಪುಸ್ತಕ.

ನಿನ್ನೆ ಅವಳು ಕೆಂಪು ಹಣ್ಣು ಕೀಳಲು ಗುಡ್ಡಕ್ಕೆ ಹೋಗಿದ್ದಳು. ಹಿಂದಿರುಗುವಾಗ ಹಳಿ ಕಿತ್ತ ಹಳೆಯ ರೈಲು ದಾರಿಯಲ್ಲಿ, ಬಂಡೆ ಕೊರೆದ ತಿರುವಿನಲ್ಲಿ, ಯಾರದೋ ಕ್ವಾಡ್ ಹಿಂದಿನಿಂದ ಬಂದು ಗುದ್ದಿತು. ಆ ನಾಲ್ಕು ದಪ್ಪ ಚಕ್ರಗಳಲ್ಲಿ ಎರಡು ಅವಳ ಸೊಂಟದ ಮೇಲೆ ಹತ್ತಿಳಿದಿವೆ. ಗಾಡಿ ಸ್ವಲ್ಪ ಮುಂದೆ ಹೋಗಿ ನಿಂತಿತಂತೆ. ಆಮೇಲೆ ಹೊರಟುಹೋಯಿತಂತೆ. ಅವಳನ್ನು ಮೊದಲು ಕಂಡದ್ದು ಮೇಟಾ ಸ್ನೂಕ್. ಎಪ್ಪತ್ತು ದಾಟಿದ ಹೆಂಗಸು, ತನ್ನ ಕೋಟು ಬಿಚ್ಚಿ ಫ್ರೀಡಾಗೆ ಹೊದಿಸಿ, ಊರಿನವರೆಗೆ ಕೂಗುತ್ತಾ ಓಡಿದಳು.

ಸೊಂಟದ ಮೂಳೆ ಮೂರು ಕಡೆ ಒಡೆದಿದೆ. ತೊಡೆಗೆ ಕಬ್ಬಿಣದ ಸಲಾಕೆ ಹಾಕಿದ್ದಾರೆ. ಕೆಟ್ಟದಾಗಿ ಹಾಕಿದ ಬೆಸುಗೆಯಂತೆ ಮುಖವೆಲ್ಲ ಗಂಟು ಗಂಟು. ಬದುಕುತ್ತಾಳೆ ಎಂದರು. ಗುಡ್ಡ ಹತ್ತುವುದಿಲ್ಲ ಎಂದೂ ಹೇಳಿದರು.

ಮೇಟಾ ಆಂಟಿ ಫ್ರೀಡಾಳ ಹಣ್ಣಿನ ಬಕೆಟ್ಟು ತಂದುಕೊಟ್ಟಳು. ಅದರ ಮೇಲೆ ಟೈರಿನ ಗುರುತು ಅಚ್ಚೊತ್ತಿತ್ತು.

"ಯಾರ್ ಗಾಡಿ ಅಂತ ನೋಡಿದ್ರಾ ಆಂಟಿ?"

"ನಾನೇನೂ ನೋಡ್ಲಿಲ್ಲ ಮಗನೇ."

ಸೆಪ್ಟೆಂಬರ್ 22

ಪಶ್ಚಿಮದ ಗಾಳಿ, ತಿಳಿ ಆಕಾಶ.

ಆಸ್ಪತ್ರೆಗೆ ಪೊಲೀಸ್ ಅಧಿಕಾರಿ ಬಂದಿದ್ದಳು. ಗಾನ್ಯೋ ಎಂದು ಹೆಸರು, ಕ್ವೆಬೆಕ್ ಕಡೆಯವಳು, ಹೋದ ವಸಂತದಲ್ಲಿ ಇಲ್ಲಿಗೆ ವರ್ಗವಾಗಿ ಬಂದವಳು. ಕ್ವಾಡಿನ ಬಣ್ಣ ಯಾವುದು, ಹೆಲ್ಮೆಟ್ ಇತ್ತೇ, ನಂಬರ್ ಪ್ಲೇಟು ಇತ್ತೇ ಎಂದು ಮತ್ತೆ ಮತ್ತೆ ಕೇಳಿದಳು. ಫ್ರೀಡಾ ಕಿಟಕಿ ನೋಡುತ್ತಿದ್ದಳು. ಅವಳ ಅಣ್ಣ ಕ್ಲಾರ್ ಮಂಚದ ಕಾಲಬುಡದಲ್ಲಿ ಟೋಪಿ ಹಿಸುಕುತ್ತಾ ನಿಂತಿದ್ದ.

"ನಂಬರ್ ಕಾಣ್ತು. ಕೊನೇಲಿ ಎಪ್ಪತ್ನಾಲ್ಕು," ಎಂದಳು.

ಆ ನಂಬರು ನೋಂದಣಿಯಾಗಿರುವುದು ಆಂಬ್ರೋಸ್ ಸ್ನೂಕ್ ಹೆಸರಿಗೆ. ಮೇಟಾ ಆಂಟಿಯ ಗಂಡ, ನಮಗೆಲ್ಲ ಆಮ್ ಅಂಕಲ್. ಸತ್ತು ಮೂರು ವರ್ಷ. ಗಾಡಿ ತುಕ್ಕು ಹಿಡಿದು ಹೋಯಿತು, ಪ್ಲೇಟು ಉಳಿಯಿತು. ರೈಲು ದಾರಿಯ ಬಾಯಲ್ಲಿರುವ ಅವನ ಶೆಡ್ಡಿನ ಮೊಳೆಗೆ ಅದು ನೇತಾಡುತ್ತಿರುತ್ತದೆ. ನಮ್ಮ ಕೋವ್‌ನಲ್ಲಿ ಅಂದರೆ ಈ ಪುಟ್ಟ ಕೊಲ್ಲಿಯ ಊರಿನಲ್ಲಿ ಕ್ವಾಡಿಗೆ ನಂಬರು ಮಾಡಿಸಿದವರು ಕಡಿಮೆ. ಪೊಲೀಸರು ನಿಲ್ಲುವ ಹೆದ್ದಾರಿಯ ಕಡೆ ಹೋಗುವವರು ಅದನ್ನು ತೆಗೆದು ಎರಡು ತುಂಡು ತಂತಿಯಲ್ಲಿ ಹಿಂದೆ ಬಿಗಿದುಕೊಳ್ಳುತ್ತಾರೆ, ಬಂದ ಮೇಲೆ ಮೊಳೆಗೆ ಹಾಕುತ್ತಾರೆ. ಹಾಗೆ ನಡೆದುಕೊಂಡು ಬಂದಿದೆ.

ಆದರೂ ನಂಬರು ಎಂದರೆ ನಂಬರು.

ಸೆಪ್ಟೆಂಬರ್ 24

ದಕ್ಷಿಣದ ಗಾಳಿ, ತುಂತುರು.

ಶೆಡ್ಡಿಗೆ ಹೋಗಿ ನೋಡಿದೆ. ಪ್ಲೇಟು ಮೊಳೆಯಲ್ಲೇ ಇತ್ತು. ದಾರಿಯಲ್ಲೆಲ್ಲ ಮೊಣಕಾಲುದ್ದ ಕೆಸರಿರುವಾಗ ಅದು ಒರೆಸಿದಂತೆ ಹೊಳೆಯುತ್ತಿತ್ತು. ಡಾರ್ಮನ್, ಮೇಟಾ ಆಂಟಿಯ ಮಗ, ಅಲ್ಲೇ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದ. ಹೋದ ಬೇಸಿಗೆಯಲ್ಲಿ ಫ್ರೀಡಾಳ ಆಲೂಗಡ್ಡೆ ಮಡಿಯ ಮೇಲೆ ಕ್ವಾಡ್ ಹರಿಸಿ ನಕ್ಕವನು ಇವನೇ.

"ಶುಕ್ರವಾರ ಇದನ್ನ ಯಾರ್ ತಗೊಂಡೋಗಿದ್ರು?"

"ನಂಗೇನ್ ಗೊತ್ತು. ಅದು ಚರ್ಚ್ ಬಾಗ್ಲಲ್ಲಿರೋ ಛತ್ರಿ ಇದ್ದಂಗೆ ಕಣಪ್ಪ. ಮಳೆಗೆ ಸಿಕ್ಕೋನು ಎತ್ಕೊಂಡೋಗ್ತಾನೆ."

"ನಿಮ್ಮಪ್ಪನ ಹೆಸರಲ್ಲಿದೆ."

"ಹಾಗಾದ್ರೆ ಅಪ್ಪನ್ನೇ ಕೇಳು. ಗೋರಿ ಹತ್ರದಲ್ಲೇ ಇದೆ, ನಡ್ಕೊಂಡೇ ಹೋಗ್ಬೋದು, ನಂಬರ್ ಬೇಡ." ಸಾಣೆಯಿಂದ ತಲೆ ಎತ್ತಿದ. "ಫ್ರೀಡಾಗೆ ಆಗಿದ್ದಕ್ಕೆ ನಂಗೂ ಬೇಜಾರಿದೆ ಸೆಲ್ಬಿ. ಆದ್ರೆ ಹೋದ್ ವರ್ಷ ನೀನು ಮೂಸ್ ಹೊಡ್ಕೊಂಡ್ ಬಂದಾಗ ನಿನ್ ಗಾಡಿ ಹಿಂದೇನೂ ಇದೇ ಇತ್ತಲ್ಲ?"

ಅದು ಬೇರೆ ವಿಷಯ. ಆ ದೊಡ್ಡ ಕಡವೆಯನ್ನು ತಂದಾಗ ನನ್ನ ನಂಬರಿನ ಅವಧಿ ಮುಗಿದಿತ್ತು ಅಷ್ಟೆ.

ಸಂಜೆ ಕ್ಲಾರ್ ಬಂದ. ಬೇಡವೆಂದರೂ ಒಂದು ಬಂಡಿ ಸೌದೆ ತಂದು ಜೋಡಿಸಿದ. ಹೊರಡುವಾಗ, "ಶುಕ್ರವಾರ ಡಾರ್ಮನ್ ಗುಡ್ಡದ್ ಕಡೆ ಇದ್ನಂತೆ," ಎಂದ.

"ಯಾರ್ ಹೇಳಿದ್ದು?"

"ಯಾರೋ. ಅಂತಾರಪ್ಪ."

ಅವನು ನಡೆದೇ ಬಂದಿದ್ದ. ಗಾಡಿ ಕೆಟ್ಟಿದೆಯಂತೆ. ಅವನ ಗಾಡಿಯ ಕೆಮ್ಮಿಗೆ ಊರೇ ನಗುತ್ತದೆ, ಪ್ರತಿ ತಿರುವಿನಲ್ಲೂ ಎರಡು ಸಲ ಕೆಮ್ಮಿ ಮುಂದೆ ಹೋಗುತ್ತದೆ. ರಿಪೇರಿ ಮಾಡಿಕೊಡುತ್ತೇನೆ ಎಂದೆ. ಬೇಡ, ನಿನಗೆ ಇರುವ ತಾಪತ್ರಯವೇ ಸಾಕು ಎಂದ. ಒಳ್ಳೆಯವನು.

ಅಕ್ಟೋಬರ್ 2

ವಾಯವ್ಯದ ಗಾಳಿ, ಜೋರು.

ದೋಣಿ ಕಾರ್ಖಾನೆಯ ಬೆಸುಗೆ ಕೆಲಸದಿಂದ ಬೇಗ ಬಂದು ರೈಲು ದಾರಿಯ ಬಾಯಲ್ಲಿ ನಿಂತೆ. ಬಂದ ಗಾಡಿಗಳನ್ನೆಲ್ಲ ತಡೆದೆ. ನಂಬರಿದ್ದವರಿಗೆ ಒರೆಸಲು ಹೇಳಿದೆ, ಇಲ್ಲದವರನ್ನು ಹಿಂದಕ್ಕೆ ಕಳಿಸಿದೆ. ಪೋಸ್ಟ್ ಆಫೀಸಿನ ಹುಡುಗಿ, "ನಿಮ್ಮನ್ನ ಪೊಲೀಸ್ ಮಾಡಿದ್ದು ಯಾವಾಗ ಸೆಲ್ಬಿ ಅಂಕಲ್?" ಎಂದು ನಕ್ಕಳು. ಅವಳ ಗಾಡಿಯ ಮುಂದಿನ ದೀಪಕ್ಕೆ ಸ್ಪ್ಯಾನರಿನಲ್ಲಿ ಹೊಡೆದೆ. ಗಾಜು ಅವಳ ಮಡಿಲಿಗೆ ಬಿತ್ತು. ಆಮೇಲೆ ಅವಳು ನಗಲಿಲ್ಲ.

ನಾನು ಹಾಗೆ ಮಾಡಬಾರದಿತ್ತು. ನಾಳೆ ಹೊಸ ದೀಪ ಹಾಕಿಕೊಡಬೇಕು.

ಅಕ್ಟೋಬರ್ 8

ವಾಯವ್ಯದ ಗಾಳಿ, ಮೋಡವಿಲ್ಲ.

ಅಂಗಡಿಯ ಮುಂದೆ ಡಾರ್ಮನ್‌ನ ಕ್ವಾಡ್ ನಿಂತಿತ್ತು, ಹಿಂದೆ ಏನೂ ಇಲ್ಲ, ಪ್ಲೇಟು ಹಾಕುವ ಪಟ್ಟಿಯೂ ಇಲ್ಲ. ಟ್ರಕ್ಕಿನಿಂದ ದೊಡ್ಡ ಸುತ್ತಿಗೆ ತೆಗೆದೆ. ಮೊದಲ ಏಟಿಗೆ ಟ್ಯಾಂಕು ಒಳಗೆ ಹೋಯಿತು. ಎರಡನೆಯದಕ್ಕೆ ಹ್ಯಾಂಡಲ್ ಮುರಿಯಿತು. ಆ ಎರಕ ಕಳಪೆ, ಬಿರುಕು ಬಿಟ್ಟದ್ದು ನೋಡಿದರೆ ಗೊತ್ತಾಗುತ್ತದೆ. ಎಂಜಿನಿನ ಮುಚ್ಚಳ ಒಡೆಯಲು ಸ್ವಲ್ಪ ಶ್ರಮವಾಯಿತು. ಎಣ್ಣೆ ಮೆಟ್ಟಿಲವರೆಗೆ ಹರಿಯಿತು.

ಅವನು ಬ್ರೆಡ್ಡು ಹಿಡಿದುಕೊಂಡು ಹೊರಗೆ ಬಂದ.

"ತಲೆ ಕೆಟ್ಟಿದ್ಯೇನೋ ನಿಂಗೆ!"

"ನಂಬರ್ ಎಲ್ಲಿ?"

"ಯಾವ್ ನಂಬರೋ? ಆ ದಿನ ನಾನ್ ಊರಲ್ಲೇ ಇರ್ಲಿಲ್ಲ ಕಣೋ ಹುಚ್ಚ!"

ಬ್ರೆಡ್ಡು ಅವನ ಕೈಯಲ್ಲಿರುವಾಗಲೇ ಬಾಯಿಗೆ ಗುದ್ದಿದೆ. ಒಂದು ಹಲ್ಲು ನನ್ನ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನನ್ನನ್ನು ಕೆಡವಿ, ಎಡಗೈಯನ್ನು ಮೆಟ್ಟಿಲ ಮೇಲೆ ಒತ್ತಿ ಹಿಡಿದು, ಬೂಟಿನ ಹಿಮ್ಮಡಿಯಲ್ಲಿ ಎರಡು ಬೆರಳು ಮುರಿದ. ಸದ್ದು ಕೇಳಿಸಿತು. ಅಂಗಡಿಯೊಳಗಿದ್ದವರೆಲ್ಲ ಡಬ್ಬಗಳ ಬೆಲೆ ಓದುತ್ತಿದ್ದರು.

ದೀಪ ಇನ್ನೂ ಹಾಕಿಕೊಟ್ಟಿಲ್ಲ.

ಅಕ್ಟೋಬರ್ 9

ನಿನ್ನೆಯ ಗಾಳಿಯೇ. ಬೆರಳು ಊದಿದೆ. ಊಟ ರುಚಿಸಿತು.

ಅಕ್ಟೋಬರ್ 14

ಈಶಾನ್ಯದ ಬಿರುಗಾಳಿ.

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ದೋಣಿ ಇಲ್ಲ. ಕಟ್ಟಿದ ಹಗ್ಗ ಚಾಕುವಿನಲ್ಲಿ ಕೊಯ್ದಂತೆ ನೇರವಾಗಿ ತುಂಡಾಗಿತ್ತು. ಕೋವ್‌ನ ಆಚೆ ಬಂಡೆಗಳಿಗೆ ಬಡಿದು ಬಡಿದು ಹಲಗೆಗಳು ಮಾತ್ರ ಉಳಿದಿದ್ದವು. ಅಪ್ಪ ಕಟ್ಟಿದ ದೋಣಿ. ಮೇಟಾ ಆಂಟಿಯ ಬೇಲಿ ಅಲ್ಲೇ ಇದೆ, ಕಿಟಕಿಯೂ ನೀರಿನ ಕಡೆಗೆ. ಕೇಳಿದೆ.

"ನಾನೇನೂ ನೋಡ್ಲಿಲ್ಲ ಮಗನೇ. ಸಾಕು ಮಾಡ್ರೋ ಇಬ್ರೂ."

ಈ ಊರಿನಲ್ಲಿ ಎಲ್ಲರೂ ಕುರುಡರು. ಒಬ್ಬ ಹೆಂಗಸಿನ ಸೊಂಟ ಪುಡಿ ಮಾಡಿದವನನ್ನು ಇಡೀ ಊರು ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಇಂಥ ಜನರ ನಡುವೆ ಐವತ್ತಮೂರು ವರ್ಷ ಬದುಕಿದೆನಲ್ಲ ಎಂದು ಅಸಹ್ಯವಾಗುತ್ತದೆ.

ಅಕ್ಟೋಬರ್ 24

ಗಾಳಿ ಇಲ್ಲ. ನೀರು ಕನ್ನಡಿ.

ಫ್ರೀಡಾ ಮನೆಗೆ ಬಂದಳು. ಕ್ಲಾರ್ ಗಾಲಿಕುರ್ಚಿಗೆ ಹಲಗೆಯ ಇಳಿಜಾರು ಮಾಡಿಟ್ಟಿದ್ದ. ಮೂಸ್ ಮಾಂಸದ ದೊಡ್ಡ ತೊಡೆಯನ್ನೂ ತಂದಿದ್ದ. "ಬಾ ಚಿನ್ನ," ಎಂದು ಅವಳನ್ನು ಎತ್ತಲು ಬಗ್ಗಿದ. ಅವಳು, "ಸೆಲ್ಬಿ ಎತ್ಲಿ," ಎಂದಳು. ಅವನಿಗೆ ನೋವಾಯಿತು, ಕಾಣಿಸಿತು. ಆಸ್ಪತ್ರೆಯಿಂದ ಬಂದವರು ಸಿಡುಕುತ್ತಾರೆ ಎಂದು ಅವನನ್ನು ಸಮಾಧಾನ ಮಾಡಿದೆ.

ನನ್ನ ಬೆರಳು ನೋಡಿ, "ಇದೇನು?" ಎಂದಳು.

"ಯಾರ್ದು ತಪ್ಪೋ ಅವ್ನ ಲೆಕ್ಕ ಚುಕ್ತಾ ಮಾಡ್ತಿದೀನಿ."

"ಬಿಟ್ಬಿಡು. ನಾನ್ ಕೇಳ್ತಿದೀನಿ. ಇಲ್ಲಿಗೇ ಬಿಟ್ಬಿಡು."

ಮೆಲುದನಿಯವಳು. ಅವಳಿಗೋಸ್ಕರವೇ ನಾನು ಬಿಡುವುದಿಲ್ಲ.

ಅಕ್ಟೋಬರ್ 26, ಭಾನುವಾರ

ಪಶ್ಚಿಮದ ಗಾಳಿ, ಮಂದ.

ಉಪ್ಪು ಮಾಂಸ, ಎಲೆಕೋಸು, ಬೇಯಿಸಿ ಕಿವುಚಿದ ಬಟಾಣಿ. ಫ್ರೀಡಾ ಕೂತಲ್ಲಿಂದಲೇ ಹೇಳಿದಳು, ನಾನು ಬೇಯಿಸಿದೆ. ಕ್ಲಾರ್ ಊಟಕ್ಕೆ ಬಂದ. ಗಾಡಿ ಸರಿಯಾಗಿದೆ. ಮುಂದಿನ ಕಬ್ಬಿಣದ ಕಂಬಿಯನ್ನು ಹೊಸದಾಗಿ ಹಾಕಿಸಿದ್ದಾನೆ. ತಿರುವಿನಲ್ಲಿ ಅದು ಎಂದಿನಂತೆ ಎರಡು ಸಲ ಕೆಮ್ಮಿದ್ದು ಅಡುಗೆಮನೆಗೆ ಕೇಳಿಸಿತು. ಫ್ರೀಡಾಳ ಕೈಯಿಂದ ಬಟ್ಟಲು ಜಾರಿ ಒಡೆಯಿತು. ಚಹಾ ತೊಡೆಯ ಮೇಲೆ ಚೆಲ್ಲಿದರೂ ಅವಳು ಕೂಗಲಿಲ್ಲ. ಕೈಗಳಿಗೆ ಇನ್ನೂ ಬಲ ಬಂದಿಲ್ಲ.

ನವೆಂಬರ್ 3

ಪೂರ್ವದ ಗಾಳಿ, ದಟ್ಟ ಮಂಜು.

ಮೊಲದ ಕಾಲ. ಉರುಳಿಡುವ ಮೊದಲು ಮೊಲದಷ್ಟೇ ತಗ್ಗಿಗೆ ಬಗ್ಗಿ ದಾರಿಯನ್ನು ನೋಡಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. ಡಾರ್ಮನ್‌ನ ಕಾಡುಮನೆಗೆ ಹೋಗುವ ಕವಲಿನಲ್ಲಿ ನನ್ನ ಕ್ವಾಡ್ ಮೇಲೆ ನೆಟ್ಟಗೆ ಕೂತು ದಾರಿಯನ್ನು ನೋಡಿದೆ. ಎರಡು ಫರ್ ಮರ. ಅಪ್ಪ ಇಟ್ಟಿದ್ದ ಉಕ್ಕಿನ ತಂತಿ. ನನ್ನ ಗದ್ದವನ್ನೇ ಅಳತೆ ಮಾಡಿಕೊಂಡೆ. ಡಾರ್ಮನ್ ಈಗ ಹಳೆಯ ಗಾಡಿ ಕೊಂಡಿದ್ದಾನಂತೆ, ಅದಕ್ಕೂ ನಂಬರಿಲ್ಲವಂತೆ. ಆ ಕವಲಿನಲ್ಲಿ ಅವನೊಬ್ಬನೇ ಓಡಾಡುವುದು. ಬೇರೆ ಯಾರಿಗೂ ತೊಂದರೆಯಿಲ್ಲ.

ಮನೆಗೆ ಬಂದು ಫ್ರೀಡಾಳ ಕಾಲಿಗೆ ಎಣ್ಣೆ ತಿಕ್ಕಿದೆ. ಚೆನ್ನಾಗಿ ನಿದ್ದೆ ಮಾಡಿದಳು.

ನವೆಂಬರ್ 4

ಪೂರ್ವದ ಗಾಳಿ. ಮಂಜು ಏಳಲಿಲ್ಲ.

ಮಧ್ಯಾಹ್ನ ಕೂಗು ಎದ್ದಿತು. ನಮ್ಮ ಕೋವ್‌ನಲ್ಲಿ ಕೂಗು ಎದ್ದರೆ ಎಲ್ಲ ಗಂಡಸರೂ ಹೋಗಬೇಕು, ನಾನೂ ಹೋದೆ. ದೋಣಿ ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆ ಕಲಿತವನು ನಾನೊಬ್ಬನೇ, ಎಲ್ಲರೂ ನನಗೆ ದಾರಿ ಬಿಟ್ಟರು.

ಗಾಡಿ ಮುಂದೆ ಹೋಗಿ ಮರಕ್ಕೆ ಒರಗಿ ಇನ್ನೂ ಓಡುತ್ತಿತ್ತು. ಡಾರ್ಮನ್ ಅಂಗಾತ ಬಿದ್ದಿದ್ದ. ಗದ್ದದ ಕೆಳಗೆ ಇನ್ನೊಂದು ಬಾಯಿ ತೆರೆದಂತಿತ್ತು. ಅದರಿಂದ ಗುಳ್ಳೆ ಬರುತ್ತಿತ್ತು, ಅಂದರೆ ಉಸಿರು. ಮೊಣಕಾಲೂರಿ ಒಂದು ಕೈಯನ್ನು ಅವನ ತಲೆಯ ಕೆಳಗಿಟ್ಟೆ. ಅವನೇ ಮುರಿದಿದ್ದ ಬೆರಳುಗಳ ಕೈಯಲ್ಲಿ ಗಾಯದ ಎರಡೂ ಅಂಚುಗಳನ್ನು ಕೂಡಿಸಿ ಹಿಡಿದೆ. ಬಿಸಿಯಾಗಿತ್ತು. ಹಾಗೇ ಹಿಡಿದುಕೊಂಡು, ಅವನನ್ನು ಹೊತ್ತ ಹಲಗೆಯ ಪಕ್ಕದಲ್ಲಿ ಬಗ್ಗಿ ನಡೆಯುತ್ತಾ, ರಸ್ತೆಯವರೆಗೆ ಬಂದೆ. ದಾರಿಯುದ್ದಕ್ಕೂ ಅವನು ನನ್ನನ್ನೇ ನೋಡುತ್ತಿದ್ದ. ಕಣ್ಣು ಮುಚ್ಚಲೇ ಇಲ್ಲ.

ಕ್ಲಾರ್ ನಮಗಿಂತ ಮೊದಲೇ ಅಲ್ಲಿಗೆ ಬಂದಿದ್ದ. ತಂತಿಯನ್ನು ಮರದಿಂದ ಬಿಚ್ಚಿ, ಸುತ್ತಿ, ಕೋಟಿನೊಳಗೆ ಇಟ್ಟುಕೊಂಡದ್ದನ್ನು ನೋಡಿದೆ. ಆ ತಂತಿ ಯಾರ ಮನೆಯದು ಎಂದು ಅವನಿಗೆ ಗೊತ್ತು.

ನವೆಂಬರ್ 5

ದಕ್ಷಿಣದ ಗಾಳಿ.

ಬದುಕುತ್ತಾನಂತೆ. ಮಾತು ಬರುವುದಿಲ್ಲವಂತೆ.

ಫ್ರೀಡಾ ಬೆಳಿಗ್ಗೆ ನನ್ನ ಅಂಗಿಯ ತೋಳು ನೋಡಿದಳು. ರಕ್ತದ ಕಲೆ ಸೋಪಿಗೆ ಹೋಗಿರಲಿಲ್ಲ.

"ಅವ್ನಿಗ್ಯಾಕೆ ಹಾಗ್ಮಾಡ್ದೆ?"

"ಯಾರು, ಏನ್ ಮಾಡಿದ್ದು?"

"ಸೆಲ್ಬಿ."

"ನೀನೇ ತಾನೆ ಹೇಳಿದ್ದು. ಎಪ್ಪತ್ನಾಲ್ಕು ಅಂತ."

"ಆ ಗಾಡೀಲಿ ನಂಬರೇ ಇರ್ಲಿಲ್ಲ." ಕುರ್ಚಿಯ ಚಕ್ರ ಹಿಡಿದುಕೊಂಡಿದ್ದಳು. "ಪೊಲೀಸಮ್ಮ ಬಿಡ್ಲಿಲ್ಲ, ಏನಾದ್ರೂ ನೆನಪಿಸ್ಕೊ ಅಂದ್ಲು. ಎಪ್ಪತ್ನಾಲ್ಕು ಅಂದ್ರೆ ಯಾರ್ದೂ ಅಲ್ಲ. ಹೋಗಿ ಹೋಗಿ ಸತ್ತೋನ ಹೆಸರಿಗೆ ನಿಲ್ಲುತ್ತೆ, ಅಲ್ಲಿಗ್ ಮುಗೀತು ಅನ್ಕೊಂಡೆ. ಇಡೀ ಊರಿಗೆ ಗೊತ್ತಿರೋದು ಅದು. ನೀನೂ ಅದನ್ನ ಹಾಕ್ಕೊಂಡು ಓಡಾಡಿದೋನು. ನಿಂಗೆ ಗೊತ್ತಾಗಲ್ಲ ಅಂತ ನಂಗೆ ಹೊಳೀಲೇ ಇಲ್ಲ."

"ಹಾಗಾದ್ರೆ ಯಾರು?"

ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು.

"ತಿರುವಲ್ಲಿ ಎರಡ್ ಸಲ ಕೆಮ್ತು. ಗುದ್ದೋಕೆ ಮುಂಚೇನೇ ಗೊತ್ತಾಯ್ತು. ನಮ್ಮಣ್ಣ ಬಂದ, ಕೂತ್ಕೊಂಡ್ ಹೋಗ್ಬೋದು ಅಂತ ಬಕೆಟ್ ಎತ್ಕೊಂಡೆ." ಆಮೇಲೆ, "ಹೇಳಿದ್ರೆ ನೀನ್ ಅವನ್ನ ಕೊಲ್ತಿದ್ದೆ," ಎಂದಳು.

ನವೆಂಬರ್ 6

ಪಶ್ಚಿಮದ ಗಾಳಿ, ಚಳಿ.

ಸೌದೆ ಒಡೆಯುವ ಕೊಡಲಿ ತೆಗೆದುಕೊಂಡು ಕ್ಲಾರ್ ಮನೆಗೆ ಹೋದೆ. ಗಾಡಿ ನಿಲ್ಲಿಸಿ, ಕೊಡಲಿ ಹಿಡಿದು ಮನೆಯ ಹಿಂದಕ್ಕೆ ನಡೆದೆ. ಅಲ್ಲಿ ಗಾನ್ಯೋ ನಿಂತಿದ್ದಳು.

ಕ್ಲಾರ್ ನನ್ನ ಮುಖ ನೋಡಿದ, ಕೊಡಲಿ ನೋಡಿದ.

"ಬಾ ಮಗನೇ, ಇನ್ನೂ ಅರ್ಧ ರಾಶಿ ಇದೆ." ಅವಳ ಕಡೆ ತಿರುಗಿದ. "ಹೇಳ್ತಿದ್ನಲ್ಲ ಮೇಡಂ, ಸೋಮವಾರಾನೂ ಮಂಗಳವಾರ ಕೂಗೇಳೋವರೆಗೂ ನಾವಿಬ್ರೂ ಇಲ್ಲೇ ಸೌದೆ ಒಡೀತಿದ್ವಿ."

"ಹೌದಾ ಸೆಲ್ಬಿ?"

ಅವನ ಕೋಟು ಬೇಲಿಯ ಮೇಲಿತ್ತು. ಒಳಜೇಬು ಉಬ್ಬಿತ್ತು.

"ಹೌದು," ಎಂದೆ.

ಡಾರ್ಮನ್‌ಗೆ ಪೆನ್ನು ಕೊಟ್ಟರೂ ಏನೂ ಬರೆಯಲಿಲ್ಲವಂತೆ. ಅವನ ತಾಯಿಯೂ ಏನೂ ನೋಡಲಿಲ್ಲ ಎಂದಳಂತೆ. ಅಂಗಡಿಯವನೂ, ಪೋಸ್ಟ್ ಆಫೀಸಿನ ಹುಡುಗಿಯೂ. ಗಾನ್ಯೋ ನನ್ನ ಕ್ವಾಡಿನ ಹಿಂದೆ ಬಂದು ನಿಂತಳು. "ಇಡೀ ಊರಲ್ಲಿ ನಿಮ್ದೊಂದೇ ನಂಬರ್ ಓದೋ ಹಾಗಿರೋದು. ಎಲ್ರೂ ನಿಮ್ ಹಾಗಿದ್ರೆ ನಾನ್ ಇಷ್ಟ್ ದೂರ ಬರೋ ಅಗತ್ಯಾನೇ ಇರ್ತಿರ್ಲಿಲ್ಲ."

ಅವಳು ಹೋದ ಮೇಲೆ ಸೌದೆ ಒಡೆದೆವು. ಅವನು ಬಗ್ಗಿ ಕೊರಡು ಇಡುತ್ತಿದ್ದ, ನಾನು ಒಡೆಯುತ್ತಿದ್ದೆ. ಪ್ರತಿ ಸಲವೂ ಅವನ ಕತ್ತು ಕೊಡಲಿಯ ಕೆಳಗೆ ಬರುತ್ತಿತ್ತು. ಅವನು ಅವಸರ ಮಾಡಲಿಲ್ಲ. ಒಮ್ಮೆ ಕೊರಡು ಇಟ್ಟ ಮೇಲೂ ಹಾಗೇ ಬಗ್ಗಿಕೊಂಡು ನಿಂತ.

"ಮಂಜಿತ್ತು ಸೆಲ್ಬಿ. ಮೂಸ್ ಅನ್ಕೊಂಡೆ. ಇಳಿದು ನೋಡ್ದೆ. ನೋಡಿದ್ಮೇಲೆ ಹತ್ರ ಹೋಗೋಕೆ ಕಾಲು ಬರ್ಲಿಲ್ಲ."

"ಕೈ ತೆಗಿ," ಎಂದೆ. ತೆಗೆದ. ಒಡೆದೆ. ರಾಶಿ ಮುಗಿಯಿತು.

ನವೆಂಬರ್ 16, ಭಾನುವಾರ

ಉತ್ತರದ ಗಾಳಿ. ಮೊದಲ ಹಿಮ.

ಚರ್ಚು ಬಿಟ್ಟ ಮೇಲೆ ಮೇಟಾ ಆಂಟಿ ನಮ್ಮ ಮನೆಯವರೆಗೆ ನಡೆದು ಬಂದಳು. ಒಳಗೆ ಬರಲಿಲ್ಲ. ಕೋಟಿನೊಳಗಿಂದ ಎಪ್ಪತ್ನಾಲ್ಕರ ಪ್ಲೇಟು ತೆಗೆದು ಮೆಟ್ಟಿಲ ಮೇಲೆ ಎಸೆದಳು.

"ನಿಂಗೆ ಬೇಕಾಗಿದ್ದು ಇದೇ ತಾನೆ? ತಗೋ."

ಒಳಗಿನಿಂದ ಫ್ರೀಡಾ, "ಮೇಟಾ ಆಂಟಿ," ಎಂದಳು. ಆಂಟಿ ಅವಳ ಕಡೆ ಮಾತ್ರ ನೋಡಿ ಹೇಳಿದಳು: "ನಾನ್ ಪೊಲೀಸಿಗೆ ಹೇಳೋಳಲ್ಲಮ್ಮ. ಯಾರಿಗ್ ಹೇಳ್ಬೇಕೋ ಅವ್ರಿಗೆ ಮಂಡಿಯೂರಿ ದಿನಾ ಹೇಳ್ತಿದೀನಿ."

ಫ್ರೀಡಾಗೆ ಹೊದಿಸಿದ್ದ ಅದೇ ಕೋಟು.

ಡಿಸೆಂಬರ್ 7, ಭಾನುವಾರ

ವಾಯವ್ಯದ ಗಾಳಿ. ತಿಳಿ ಆಕಾಶ, ಕಡು ಚಳಿ.

ಊರಿನವರೆಲ್ಲ ನಂಬರು ಮಾಡಿಸಿದ್ದಾರೆ. ಗಾನ್ಯೋ ಎರಡು ವಾರ ಗಡುವು ಕೊಟ್ಟಿದ್ದಳು. ಊಟಕ್ಕೆ ಕ್ಲಾರ್ ಬಂದ. ಫ್ರೀಡಾ ಮೂರು ತಟ್ಟೆ ಇಟ್ಟಳು. ಉಪ್ಪು ಬೇಕೆಂದು ಅವನು ಕೈ ಚಾಚಿದ, ಅವಳು ಕೊಟ್ಟಳು. ಅಷ್ಟೆ.

ಊಟವಾದ ಮೇಲೆ ಅಂಗಳದಲ್ಲಿ ಹೊಸ ಪ್ಲೇಟು ತೋರಿಸಿದ. ಹಿಂದಿನ ಪಟ್ಟಿ ತುಕ್ಕು ಹಿಡಿದು ಮುರಿದಿತ್ತು. "ಒಂದ್ ಚೂರು ಬೆಸುಗೆ ಹಾಕ್ಕೊಡ್ತೀಯಾ?" ಎಂದು ಕೇಳಿದ. ಹಾಕಿಕೊಟ್ಟೆ. ಆ ಎರಡು ಬೆರಳು ಮಡಚುವುದಿಲ್ಲ, ಆದರೂ ಬೆಸುಗೆ ನೇರವಾಗಿ ಬಂತು. ಬೋಲ್ಟನ್ನೂ ಸೇರಿಸಿ ಬೆಸೆದುಬಿಟ್ಟೆ. ಇನ್ನು ಯಾರೂ ಕಳಚುವಂತಿಲ್ಲ.

ಆಗಲೇ ಕೆಳಗಿನ ದಾರಿಯಲ್ಲಿ ಒಂದು ಕ್ವಾಡ್ ಬಂತು. ಡಾರ್ಮನ್ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ನಮ್ಮ ಗೇಟಿನ ಎದುರು ಎಂಜಿನ್ ಆರಿಸಿದ. ನಮ್ಮಿಬ್ಬರನ್ನೂ ನೋಡುತ್ತಾ ಕೂತ. ಕ್ಲಾರ್ ಟೋಪಿ ತೆಗೆದ. ನಾನು ಬೆಸುಗೆಯ ಮುಖವಾಡ ಎತ್ತಿರಲಿಲ್ಲ, ಹಾಗೇ ನಿಂತೆ. ಅವನ ಗಂಟಲಿನ ನಳಿಕೆಯಿಂದ ಹಬೆ ಬರುತ್ತಿತ್ತು, ನಿಂತು ನಿಂತು. ಆಮೇಲೆ ಗಾಡಿ ಹೊರಡಿಸಿ ಗುಡ್ಡದ ಕಡೆ ಹೋದ.

ಅವನ ಹಿಂದೆಯೂ ನಂಬರಿತ್ತು, ಹೊಸದು, ನಾಲ್ಕೂ ಬೋಲ್ಟು ಬಿಗಿದದ್ದು. ತಿರುವು ದಾಟುವವರೆಗೂ ಓದಬಹುದಿತ್ತು. ಈಗ ನಮ್ಮ ಊರಿನಲ್ಲಿ ಯಾರು ಯಾರೆಂದು ದೂರದಿಂದಲೇ ತಿಳಿಯುತ್ತದೆ.